ಹೆಸರಿಡುವ ತನಕ ಕಾಯಬೇಡಿ

ನಾನು ದೇವದುರ್ಗ ತಾಲೂಕಿನಲ್ಲಿ ಆಶಾ ಕಾರ್ಯಕರ್ತೆ. ಈಗ ಹೆರಿಗೆ ಆಸ್ಪತ್ರೆಯಲ್ಲೇ ಜಾಸ್ತಿ. ಅಲ್ಲಿ ಹುಟ್ಟಿದ ಕೂಸಿನ ಜನನ ನೋಂದಣಿಗೆ ಬೇಕಾದ ಮಾಹಿತಿಯನ್ನು ಆಸ್ಪತ್ರೆಯವರೇ ಕೊಡುತ್ತಾರೆ. ತಾಂಡಾದಲ್ಲೋ, ಹೊಲದ ಗುಡಿಸಲಲ್ಲೋ ಹೆರಿಗೆಯಾದರೆ ಮನೆಯ ಯಜಮಾನರೇ ತಿಳಿಸಬೇಕು ಅನ್ನುತ್ತದೆ ಕಾನೂನು. ಆ ಮಾತನ್ನು ಅವರಿಗೆ ಮುಟ್ಟಿಸುವವರು ನಾವೇ ಅಲ್ವಾ?

ಮನೆಯಲ್ಲಿ ಹೆರಿಗೆಯಾದರೆ 1, 3, 7, 14, 21, 28, 42ನೇ ದಿನ ಹೋಗಿ ಕೂಸು, ಬಾಣಂತಿಯನ್ನು ನೋಡುತ್ತೇವೆ. ಶುಲ್ಕವಿಲ್ಲದೆ ಜನನ ನೋಂದಣಿ ಮಾಡಿಸುವ ಗಡುವೂ 21 ದಿನವೇ. ಹಾಗಂತ 21ನೇ ದಿನ ನೆನಪಿಸಿದರೆ ಏನು ಬಂತು? ಮೂರನೇ ದಿನವೇ ಕೂಸಿನ ತೂಕ ನೋಡಿ, ಅಲ್ಲೇ ಕೂತು ತಾಯಿ ಕಾರ್ಡ್, ಅಪ್ಪ ಅವ್ವನ ಆಧಾರ್ ಕೇಳುತ್ತೇನೆ.

ಆಗ ಅಜ್ಜಿಯಂದಿರ ಮಾತು ಒಂದೇ. "ಹೆಸರೇ ಇಟ್ಟಿಲ್ಲ, ಏನಂತ ಬರೀತಿ ಯವ್ವಾ?"

"ಆಯಿ, ಕೂಸಿನ ಹೆಸರು ಈಗ ಬೇಡ. ಗಂಡೋ ಹೆಣ್ಣೋ, ಹುಟ್ಟಿದ ದಿನ, ಊರು, ಅಪ್ಪ ಅವ್ವನ ಹೆಸರು ಇದ್ರೆ ಸಾಕು. ತೊಟ್ಟಿಲ ಕಾರ್ಯ ಆದಮೇಲೆ ಹೆಸರು ಸೇರಿಸೋಣ."

ಒಂದು ವರ್ಷದೊಳಗೆ ಹೆಸರು ಸೇರಿಸಲು ದುಡ್ಡು ಕೊಡಬೇಕಿಲ್ಲ. ಇಷ್ಟು ಗೊತ್ತಾದರೆ ಅರ್ಧ ಮನೆಗಳು ತಾವಾಗಿಯೇ ಹೊರಡುತ್ತವೆ.

ಅಪ್ಪನ ಹೆಸರಿನ ಮೇಲೆ ಮಾತ್ರ ಬೆರಳಿಟ್ಟು ಓದುತ್ತೇನೆ. ಆಧಾರ್‌ನಲ್ಲಿ ಹನುಮಂತಪ್ಪ, ತಾಯಿ ಕಾರ್ಡ್‌ನಲ್ಲಿ ಹನುಮಂತ ಅಂತಿರುತ್ತದೆ. ಮುಂದೆ ಶಾಲೆಗೆ ಸೇರಿಸುವಾಗ ಇದೇ ತಕರಾರು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ, ಊರಿನ ಪುರಾವೆ ಅಂದರೆ ಜನನ ಪ್ರಮಾಣಪತ್ರವೇ. ಹಾಗಾಗಿ ಅರ್ಜಿ ಕೊಡುವ ಮೊದಲೇ ಸರಿಮಾಡಿಸಿಕೊಳ್ಳಬೇಕು.

ತಡವಾದರೆ ಕಷ್ಟ ಬೆಳೆಯುತ್ತಾ ಹೋಗುತ್ತದೆ. 30 ದಿನದೊಳಗಾದರೆ ಸ್ವಲ್ಪ ದಂಡ ಕಟ್ಟಿದರಾಯಿತು. ಅದು ದಾಟಿದರೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಕಳೆದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು. ಕೂಲಿ ಬಿಟ್ಟು ಅಷ್ಟು ಸಲ ಯಾರು ಅಲೆಯುತ್ತಾರೆ?

ಚೊಚ್ಚಲ ಹೆರಿಗೆ ತವರಲ್ಲಾದರೆ ನೋಂದಣಿಯೂ ತವರಲ್ಲೇ, ಗಂಡನ ಊರಲ್ಲಿ ಅಲ್ಲ. ಆಂಬುಲೆನ್ಸ್‌ ಓಡುತ್ತಿರುವಾಗಲೇ ಹುಟ್ಟಿದರೆ? ಗಾಡಿ ಮೊದಲು ನಿಂತ ಜಾಗವೇ ಲೆಕ್ಕ, ಗಾಡಿಯ ಜವಾಬ್ದಾರಿ ಇದ್ದವರೇ ತಿಳಿಸಬೇಕು. ಇಂಥ ಹೆರಿಗೆಯಾದಾಗ ಯಾವ ಊರ ಹತ್ತಿರ, ಎಷ್ಟು ಹೊತ್ತಿಗೆ ಅಂತ ಅವತ್ತೇ ಬರೆದಿಡುತ್ತೇನೆ.

ಗುಳೆ ಹೋಗುವ ಮನೆಯಾದರೆ ನನಗೆ ಇನ್ನೂ ಅವಸರ. ಬೆಂಗಳೂರಿನ ಬಸ್ಸು ಹತ್ತುವ ಮೊದಲೇ ನೋಂದಣಿ ಮಾಡಿಸುತ್ತೇನೆ. ಮಾಹಿತಿ ಕೊಟ್ಟವರಿಗೆ ಪ್ರಮಾಣಪತ್ರ ಪುಕ್ಕಟೆ ಸಿಗುತ್ತದೆ. ಅದರ ಫೋಟೋವನ್ನು ಅಪ್ಪನ ಮೊಬೈಲ್‌ಗೂ ಹಾಕಿಸಿ, ಮೂಲ ಪ್ರತಿಯನ್ನು ಅಜ್ಜಿಯ ಕೈಗೆ ಕೊಡಿಸುತ್ತೇನೆ.