ಕಲಿತ ಪಟ್ಟು ಹೊಡೆದಾಟದಲ್ಲಿ ಕೈಗೂಡಬೇಕಾದರೆ ಅಭ್ಯಾಸ ಹೇಗಿರಬೇಕು

ಮಣಿಕಟ್ಟು ಹಿಡಿದವನಿಂದ ಕೈ ಬಿಡಿಸಿಕೊಳ್ಳುವ ಪಟ್ಟನ್ನು ಸಮರಕಲೆಯ ಅನೇಕ ತರಗತಿಗಳಲ್ಲಿ ಆರಂಭದಲ್ಲೇ ಹೇಳಿಕೊಡುತ್ತಾರೆ. ಹಿಡಿದವನ ಹೆಬ್ಬೆರಳು ಉಳಿದ ಬೆರಳುಗಳನ್ನು ಸೇರುವ ಸಂದಿನತ್ತ ಕೈ ತಿರುಗಿಸಿ ಎಳೆದುಕೊಂಡರೆ ಹಿಡಿತ ತಪ್ಪುತ್ತದೆ. ಜೊತೆಗಾರ ಅಲುಗಾಡದೆ ನಿಂತಿರುವಷ್ಟು ಹೊತ್ತು ಇದು ಸಲೀಸು. ನಿಜವಾದ ಜಗಳದಲ್ಲಿ ಕೈ ಹಿಡಿದವನು ತನ್ನತ್ತ ಎಳೆಯುತ್ತಾನೆ, ಮೈಮೇಲೆ ನುಗ್ಗುತ್ತಾನೆ, ಇನ್ನೊಂದು ಕೈಯಿಂದ ಗುದ್ದುತ್ತಾನೆ.

ಆದ್ದರಿಂದ ಚಲನೆ ತಪ್ಪಿಲ್ಲದೆ ಬರುವವರೆಗೆ ನಿಧಾನವಾಗಿ ಅಭ್ಯಾಸ ಮಾಡಿ, ಅನಂತರ ಜೊತೆಗಾರನಿಗೆ ಎಳೆಯಲು ಮಾತ್ರ ಹೇಳಬೇಕು. ಅದಕ್ಕೆ ಒಗ್ಗಿದ ಮೇಲೆ ಅವನು ಬಿಡುವಿರುವ ಕೈಯಿಂದ ಭುಜಕ್ಕೆ ಮೆಲ್ಲಗೆ ತಟ್ಟಬಹುದು. ಕೊನೆಗೆ, ಯಾವ ಕೈಯನ್ನು ಯಾವಾಗ ಹಿಡಿಯುತ್ತಾನೆಂಬುದೇ ಕಲಿಯುವವನಿಗೆ ತಿಳಿಯದಂತಿರಬೇಕು. ಈ ಕೊನೆಯ ಹಂತದಲ್ಲಿ ಪಟ್ಟು ಮೇಲಿಂದ ಮೇಲೆ ಕೆಡುತ್ತದೆ, ಕೆಡಲೂ ಬೇಕು.

1882ರಲ್ಲಿ ಜಪಾನಿನಲ್ಲಿ ಜೂಡೋವನ್ನು ರೂಪಿಸಿದ ಜಿಗೊರೊ ಕಾನೊ, ಹಳೆಯ ಜುಜುತ್ಸುವಿನ ಅಪಾಯಕರ ಏಟುಗಳನ್ನು ಮುಕ್ತ ಕುಸ್ತಿಯಾದ ರಾಂಡೊರಿಯಿಂದ ಹೊರಗಿಟ್ಟು, ಮೊದಲೇ ಗೊತ್ತುಪಡಿಸಿದ ಚಲನೆಗಳ ಅಭ್ಯಾಸವಾದ ಕಟಾಗಳಲ್ಲಷ್ಟೇ ಉಳಿಸಿಕೊಂಡರು. ಇದರಿಂದ ಕಲೆ ಸೌಮ್ಯವಾಯಿತೆಂದು ಮೇಲ್ನೋಟಕ್ಕೆ ತೋರಿದರೂ, ಉಳಿದ ಎಸೆತಗಳನ್ನು ತಡೆಯೊಡ್ಡುವ ಎದುರಾಳಿಯ ಮೇಲೆ ಪೂರ್ಣ ಬಲದಿಂದ ಪ್ರಯೋಗಿಸಿ ನೋಡುವುದು ಸಾಧ್ಯವಾಯಿತು. ಕಣ್ಣಿಗೆ ತಿವಿಯುವ ಪಟ್ಟನ್ನು ಗಾಳಿಯಲ್ಲಿ ಸಾವಿರ ಸಲ ಅಭ್ಯಾಸ ಮಾಡುವುದಕ್ಕಿಂತ ಇದು ಹೆಚ್ಚು ಫಲಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಕಟಾ ವ್ಯರ್ಥವಲ್ಲ. ನಿಲುವು, ಸಮತೋಲ, ಸೊಂಟದ ತಿರುವು ಅದರಿಂದ ಮೈಗೂಡುತ್ತವೆ. ಆದರೆ ಎದುರಾಳಿ ಯಾವ ಕ್ಷಣದಲ್ಲಿ ಬರುತ್ತಾನೆ, ಎಷ್ಟು ದೂರದಿಂದ ಬರುತ್ತಾನೆ ಎಂಬುದನ್ನು ಅದು ಕಲಿಸಲಾರದು.

ದೂರದ ಅಂದಾಜಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮುಖಕ್ಕೆ ನಾಲ್ಕು ಬೆರಳು ಮೊದಲೇ ಗುದ್ದನ್ನು ನಿಲ್ಲಿಸುವುದನ್ನು ವರ್ಷಗಟ್ಟಲೆ ರೂಢಿಸಿಕೊಂಡವನ ಕೈ, ಗಾಬರಿಯಲ್ಲಿಯೂ ಅಲ್ಲೇ ನಿಲ್ಲುವ ಸಂಭವವಿದೆ. ಅದಕ್ಕಾಗಿ ಪ್ಯಾಡಿನ ಮೇಲೆ ಪೂರ್ಣ ಬಲದಿಂದ ಹೊಡೆಯುವುದನ್ನೂ, ಗ್ಲೌಸ್ ಹಾಗೂ ಮೌತ್‌ಗಾರ್ಡ್ ಧರಿಸಿ ಹಗುರವಾಗಿ ಸ್ಪಾರಿಂಗ್ (ಜೊತೆಗಾರನೊಂದಿಗೆ ಅಭ್ಯಾಸದ ಕಾದಾಟ) ಮಾಡುವುದನ್ನೂ ಜೊತೆಜೊತೆಗೆ ನಡೆಸಬೇಕು.

ಭಯದಲ್ಲಿ ಅಡ್ರಿನಾಲಿನ್ ಏರಿದಾಗ ಎದೆ ಹೊಡೆದುಕೊಳ್ಳುತ್ತದೆ, ದೃಷ್ಟಿ ಕಿರಿದಾಗುತ್ತದೆ, ಬೆರಳುಗಳ ಸೂಕ್ಷ್ಮ ಚಲನೆ ತಪ್ಪುತ್ತದೆ. ಓಡಿ ಏದುಸಿರು ಬಂದ ಕೂಡಲೇ ಸ್ಪಾರಿಂಗ್ ಆರಂಭಿಸುವುದು, ಇಬ್ಬರು ಸುತ್ತುವರಿದಾಗ ಗೆಲ್ಲಲು ಹೋಗದೆ ಬಾಗಿಲಿನತ್ತ ತಪ್ಪಿಸಿಕೊಳ್ಳುವುದು, ಇಂಥ ಅಭ್ಯಾಸಗಳು ಆ ಸ್ಥಿತಿಯ ಸ್ವಲ್ಪ ಪರಿಚಯ ಮಾಡಿಸುತ್ತವೆ.

ಹಿಡಿತಕ್ಕೆ ಸಿಕ್ಕವನು ‘ಸಾಕು’ ಎಂಬ ಸೂಚನೆಯಾಗಿ ಕೈ ತಟ್ಟಿದೊಡನೆ ಹಿಡಿತ ಬಿಡುವ ನಿಯಮ ಎಲ್ಲ ಹಂತಗಳಿಗೂ ಅನ್ವಯಿಸುತ್ತದೆ. ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ವಾಕರಿಕೆ ಕಾಣಿಸಿದವರನ್ನು ಕೂಡಲೇ ಅಂಕಣದಿಂದ ಹೊರಗೆ ಕರೆತಂದು ವೈದ್ಯರಿಗೆ ತೋರಿಸಬೇಕು. ಅವರು ಒಪ್ಪುವವರೆಗೆ ಮತ್ತೆ ಸ್ಪಾರಿಂಗ್‌ಗೆ ಇಳಿಸಬಾರದು.