ಒನ್ ಸೈಡ್ ಲವ್ ಹಾಡಿಗೆ ಬಿದ್ರಿ ಉಳಿ ಸಪ್ಪಳ: ನನ್ನ ಅನುಭವ

ನನ್ನ ಹಾಡು ಕೇಳಿದವ್ರೆಲ್ಲ ಕೇಳೋದು ಒಂದೇ, "ಬೆಳ್ಳಿಗೆ ಮಣ್ಣು ಹತ್ತಲಿಲ್ಲ" ಅಂದ್ರ ಏನರ್ಥ ಅಂತ. ಅದು ಹೇಳ್ಬೇಕಂದ್ರ ಬೀದರ್‌ನಾಗ ನಮ್ಮ ಓಣಿ ಬಾಜೂಕ ಇರೋ ಬಿದ್ರಿ (ಕರ್ರನ ಲೋಹದಾಗ ಬೆಳ್ಳಿ ಕೂಡ್ಸೋ ಕಲೆ) ಅಂಗಡಿಯಿಂದನೇ ಶುರು ಮಾಡ್ಬೇಕು.

ನಾಕು ವರ್ಷ ಒಬ್ಬಾಕಿನ್ನ ಪ್ರೀತಿ ಮಾಡೀನಿ, ಹೇಳೀನಿ ಕೂಡ. ಆಕಿ ಸಿಟ್ಟಾಗಲಿಲ್ಲ, "ನನಗ ಹಂಗ ಏನೂ ಅನ್ಸಿಲ್ಲ ನೋಡಪಾ" ಅಂದು ಮರುದಿನದಿಂದ ಮೊದಲಿನಂಗೇ ಮಾತಾಡಿಸ್ಕೋತ ಹೋದ್ಲು, ಖರೇ ಹೇಳ್ತೀನಿ ಅದೇ ಭಾಳ ತ್ರಾಸಾಗಿದ್ದು, ಬೈದಿದ್ರ ಒಂದು ಸಿಟ್ಟಿನ ಹಾಡಾದ್ರೂ ಬರ್ತಿತ್ತು.

ಅಂಗಡಿಗೆ ಹೋಗಿದ್ದು ಹಾಡಿನಾಗ ಹೈ-ಹ್ಯಾಟ್ (ಡ್ರಮ್ಸ್‌ನಾಗಿನ ತಾಳದಂಥ ಸಪ್ಪಳ) ಬದಲಿಗೆ ಉಳಿ ಮ್ಯಾಲೆ ಸುತ್ತಿಗಿ ಬೀಳೋ ಸಪ್ಪಳ ಮೊಬೈಲ್‌ನಾಗ ರೆಕಾರ್ಡ್ ಮಾಡ್ಕೊಳ್ಳಾಕ. ಅಂಗಡಿ ಕಾಕಾ ಕೆಲಸ ಮಾಡ್ಕೋತನೇ ತೋರ್ಸಿದ್ರು. 16 ಪಾಲು ಸತು, 1 ಪಾಲು ತಾಮ್ರ ಕೂಡ್ಸಿ ಎರಕ ಹೊಯ್ದು, ಉಳಿಲಿಂದ ಚಿತ್ರ ಕೊರದು ಅದ್ರಾಗ ಬೆಳ್ಳಿ ತಂತಿ ಬಡದು ಕೂಡಸ್ತಾರ, ಉಜ್ಜಿ ಪಾಲಿಶ್ ಮಾಡಿದ್ಮ್ಯಾಲೆ ಎರಡೂ ಒಂದೇ ಬಣ್ಣದಂಗ ಕಾಣ್ತಾವ, ಬೆಳ್ಳಿ ಎಲ್ಲಿ ಸತು ಎಲ್ಲಿ ತಿಳಿಯೋದೇ ಕಷ್ಟ. ಆಮ್ಯಾಲೆ ಬಿಸಿ ಮಾಡಿ ಬೀದರ್ ಕೋಟೆ ಮಣ್ಣು, ನವಸಾಗರ (ಒಂದು ಥರದ ಉಪ್ಪು) ಕಲಿಸಿದ ನೀರು ಹಚ್ಚಿ ತಿಕ್ಕಿದ್ರ ಸತು ಇದ್ದಲಿ ಹಂಗ ಕಪ್ಪಗ ಆಗ್ತದ.

"ಬೆಳ್ಳಿಗೆ ಏನೂ ಆಗಲ್ಲೇನ್ರಿ ಕಾಕಾ?"

"ಏನಾಗ್ತದ ತಮ್ಮಾ, ಮಣ್ಣು ಎರಡಕ್ಕೂ ಹಚ್ಚೀವಿ, ಕರ್ರಗಾಗೋದು ಬಾಜೂಕಿಂದು ಅಷ್ಟೇ."

ರೆಕಾರ್ಡಿಂಗ್ ಬಂದ್ ಮಾಡಿ ಸುಮ್ನ ಕುಂತೆ. ನಾಕು ವರ್ಷ ಇಬ್ಬರ ಮ್ಯಾಲೂ ಅದೇ ಬಿಸಲು, ಅದೇ ಕಾಲೇಜ್ ಬಸ್, ಅದೇ ಮಾತು. ನಾನು ಪೂರಾ ಬದಲಾಗೀನಿ, ಆಕಿ ಹ್ಯಾಂಗಿದ್ಲೋ ಹಂಗೇ ಇದ್ದಾಳ, ಇದ್ರಾಗ ಆಕಿದೇನು ತಪ್ಪು? ಹಾಡಿನ ಅರ್ಥ ಇದೇ.

ಮನಿಗೆ ಬಂದು ಹಾಡಿನ ಹಳೇ ಪ್ರಾಜೆಕ್ಟ್ ಫೈಲ್ ತೆಗೆದು ನೋಡಿದ್ರ 124 ಬಿಪಿಎಮ್ (ನಿಮಿಷಕ್ಕ ಇಷ್ಟು ಬೀಟ್) ಇತ್ತು, ಕುಣಿಯೋ ಹಾಡು, ಹಾಡಿನ ಮಾತು ಸುಳ್ಳು ಅನ್ಸಾಕತ್ತು. 100ಕ್ಕ ಇಳಿಸಿದೆ. ಆಗ ಒಂದು ಬೀಟ್ 600 ಮಿಲಿಸೆಕೆಂಡ್, ದನಿಗೆ ಹಾಕಿದ ಡಿಲೇ (ದನಿ ತಡವಾಗಿ ಮತ್ತ ಕೇಳ್ಸೋ ಎಫೆಕ್ಟ್) 450, ಅಂದ್ರ ಪ್ರತಿಧ್ವನಿ ಬೀಟ್ ಮ್ಯಾಲೆ ಸರಿಯಾಗಿ ಕೂಡಲ್ಲ, ಸ್ವಲ್ಪ ಮೊದ್ಲೇ ಬರ್ತದ, ಆತುರ ಇದ್ದಂಗ. ಪ್ರತಿ ಸಲ ಫಿಲ್ಟರ್‌ಲಿಂದ ಮ್ಯಾಲಿನ ಫ್ರೀಕ್ವೆನ್ಸಿ ಸ್ವಲ್ಪ ಸ್ವಲ್ಪ ಕಡದೀನಿ. ಕರದವನ ದನಿ ಅವನಿಗೇ ಮಬ್ಬಾಗಿ ವಾಪಸ್ ಬರ್ತದ. ಮೊದಲ ವರ್ಷನ್‌ನಾಗ ಅಕ್ಕನ ಕಡಿಂದ ಒಂದು ಉತ್ತರದ ಸಾಲು ಹಾಡ್ಸಿದ್ದೆ, ಛಂದ ಹಾಡಿದ್ಲು, ಆದ್ರೂ ತೆಗದೆ. ಉತ್ತರ ಬಂದ್ರ ಅದು ಒನ್ ಸೈಡ್ ಹ್ಯಾಂಗಾಗ್ತದ? ಪ್ಯಾಡ್‌ಗೆ (ಹಿಂದ ಉದ್ದಕ್ಕ ಹರಿಯೋ ಸಿಂಥ್ ಸ್ವರ) ಸೈಡ್‌ಚೈನ್ ಹಾಕೀನಿ, ಅಂದ್ರ ಕಿಕ್ (ದೊಡ್ಡ ಡ್ರಮ್) ಬಿದ್ದಾಗೆಲ್ಲ ಪ್ಯಾಡ್ ಸಪ್ಪಳ ಕೆಳಗ ಒತ್ತಿ ಮತ್ತ ಏಳ್ತದ.

ರಾಗದ್ದು ಒಂದು ಮಾತು. ಭಜನಿ ಹಾರ್ಮೋನಿಯಂ ನುಡಿಸಿದವ್ರಿಗೆ ಗೊತ್ತಿರ್ತದ, ಮ್ಯಾಲಿನ ಸಾ ಹತ್ರ ಬಂದು ನಿ ಮ್ಯಾಲೆ ನಿಂತ್ರ ಬೆರಳು ತಾನೇ ಸಾ ಕಡೆ ಹೋಗ್ತದ. ನನ್ನ ಪಲ್ಲವಿ ನಿ ಮ್ಯಾಲೇ ಮುಗಿತದ. ದೋಸ್ತ ಕೇಳಿ "ಲೇ ಮುಗದಂಗೇ ಅನ್ಸವಲ್ದು, ಸಾ ಹಾಕು" ಅಂದ, ಎರಡು ದಿನ ಹಾಕಿ ತೆಗದು ನೋಡಿ ಕಡಿಗೆ ಹಂಗೇ ಬಿಟ್ಟೆ.

ಕಡೀ ಎಂಟು ಸೆಕೆಂಡ್ ಎಲ್ಲಾ ಟ್ರ್ಯಾಕ್ ಬಂದ್, ಉಳಿ ಸಪ್ಪಳ ಒಂದೇ, ಡಿಲೇ ಇಲ್ಲ. ಹಿಂದ ಕಾಕಾ ಯಾರಿಗೋ ಚಾ ಹೇಳೋದು ಸಣ್ಣಗ ಕೇಳ್ತದ, ಅದನ್ನ ತೆಗೀಲಾಕ ಮನಸ್ಸಾಗಲಿಲ್ಲ.