ಬೆಳಗಾವಿಯಿಂದ ಸಮುದ್ರಕ್ಕೆ ಹೊರಟವರು ಹೊನ್ನಾವರವನ್ನೂ ನೋಡಿ ಬನ್ನಿ

ರಜೆ ಬಂದರೆ ನಮ್ಮ ಬೆಳಗಾವಿ ಮಂದಿ ಚೋರ್ಲಾ ಘಾಟ್ ಇಳಿದು ಸೀದಾ ಗೋವಾಕ್ಕೇ ಹೋಗ್ತೀವಿ, ಅಲ್ವಾ? ಜೊತೆಗೆ ಸಣ್ಣ ಮಕ್ಕಳು, ವಯಸ್ಸಾದವರು ಇದ್ದರೆ ಈ ಸಲ ಹೊನ್ನಾವರಕ್ಕೆ ಹೋಗಿ ನೋಡ್ರಿ. ಅಲ್ಲಿನ ಕಾಸರಕೋಡ ಇಕೋ ಬೀಚ್‌ಗೆ 2020ರಲ್ಲೇ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದೆ, ಗಾಳಿಮರದ ನೆರಳೂ ಇದೆ. ಹತ್ತಿರದಲ್ಲೇ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ನಡಿಗೆ ಹಾದಿ. ಮರದ ಹಲಗೆ ಮೇಲೆ ನಡೀತಾ ಹೋದರೆ ಎರಡೂ ಕಡೆ ಕಾಂಡ್ಲಾ ಗಿಡ, ಕೆಸರಿನಿಂದ ಮೇಲೆದ್ದ ಅವುಗಳ ಬೇರು, ನೀರು ಇಳಿದ ಹೊತ್ತಲ್ಲಿ ಹೋದರೆ ಪುಟ್ಟ ಏಡಿಗಳೂ ಕಾಣಿಸುತ್ತವೆ. ಮಕ್ಕಳಿಗೆ ಯಾವ ಪಾರ್ಕಿಗಿಂತಲೂ ಇದೇ ಜಾಸ್ತಿ ಇಷ್ಟ ಆಗುತ್ತದೆ. ಕೆಫೆ ಬೇಕಂದ್ರೆ ಗೋಕರ್ಣದ ಕುಡ್ಲೆ ಬೀಚ್. ಸೂರ್ಯ ಮುಳುಗೋಕೆ ಮುಂಚೆಯೇ ಹೋಗಿ ಕೂತುಬಿಡಿ. ಮಳೆಗಾಲದಲ್ಲಿ ಮಾತ್ರ ಬೇಡ, ಆಗ ಅಲೆ ಜೋರು, ನೀರಿಗೆ ಇಳಿಯೋದು ಅಪಾಯ.